ನೀರೊಳಗಿನ ಚುಕ್ಕಾಣಿ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿಯ ಬಳಿ ಪಡುವಣಕ್ಕೆ ತಿರುಗಿ ಸ್ವಲ್ಪ ದೂರ ಸಾಗಿದರೆ ಮಟ್ಟು ಎಂಬ ಊರು ಸಿಕ್ಕುವುದು. ಆ ಹೆಸರನ್ನು ನಮ್ಮ ಗೃಹಿಣಿಯರು ಬಲ್ಲುದು ಅಲ್ಲಿಯ ಗುಳ್ಳ ಬದನೆಯಿಂದ. 2011ರಲ್ಲಿ ಆ ಬದನೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ನಾವಿಲ್ಲಿ ಹೇಳಹೊರಟಿರುವುದು ಬದನೆಯ ಸಂಗತಿಯನ್ನಲ್ಲ, ನೀರಿನ ಸಂಗತಿಯನ್ನು. ಮಟ್ಟುವಿನಲ್ಲಿ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು; ನಡುವೆ ಇರುವುದು ತೆಂಗಿನ ಮರಗಳ ಒಂದು ಕಿರಿದಾದ ಮರಳ ಪಟ್ಟಿ ಮಾತ್ರ. ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಾಗಿ, ಸಿಹಿಯಾಗಿ ಹರಿಯುವುದು. ಬೇಸಗೆಯಲ್ಲಿ ಭರತದ ಹೊತ್ತಿಗೆ ಉಪ್ಪುನೀರು ಅಳಿವೆಯಿಂದ ಒಳನುಗ್ಗಿ ಹೊಳೆಯನ್ನು ಸವುಳಾಗಿಸುವುದು. ಒಬ್ಬಿಬ್ಬರು ಕುಳಿತುಕೊಳ್ಳಬಹುದಾದ ಒಂದು ಪುಟ್ಟ ಮುಳುಗುನೌಕೆಯನ್ನು ಮೊದಲು ಈ ಹೊಳೆಗೆ ಇಳಿಸಿ, ಅನಂತರ ಮರಳ ಪಟ್ಟಿಯಾಚೆಯ ಕಡಲಿಗೂ ಇಳಿಸಿದೆವೆಂದು ಊಹಿಸೋಣ. ಅದು ಎರಡೆಡೆಯಲ್ಲಿಯೂ ಒಂದೇ ಬಗೆಯಾಗಿ ನಡೆದೀತೇ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಟರೆ ಮುಳುಗುನೌಕೆಯನ್ನು ನಡೆಸುವ ವಿದ್ಯೆಯ ಮುಕ್ಕಾಲು ಪಾಲು ತಾನಾಗಿಯೇ ಬಿಚ್ಚಿಕೊಳ್ಳುವುದು.

ದೋಣಿಯನ್ನು ನಡೆಸುವುದು ಕರಾವಳಿಯವರಿಗೆ ಹೊಸದಲ್ಲ. ಜಲ್ಲೆಯಿಂದ ನೂಕುವುದು, ಹುಟ್ಟು ಹಾಕುವುದು, ಚುಕ್ಕಾಣಿ ಹಿಡಿಯುವುದು ಇವೆಲ್ಲ ಅವರಿಗೆ ತಾಯಿಯ ಮಾತಿನಂತೆ ಬಂದಿರುವ ವಿದ್ಯೆಗಳು. ಆದರೆ ಚುಕ್ಕಾಣಿಯ ಒಂದು ಗುಟ್ಟನ್ನು ನೆಲದ ಮೇಲಿನ ಜನ ಸಾಮಾನ್ಯವಾಗಿ ಗಮನಿಸಿರುವುದಿಲ್ಲ. ಗಾಡಿಯ ಎತ್ತು ಮೂಗುದಾರವನ್ನು ಎಳೆದತ್ತ ಮೊದಲು ತಲೆಯನ್ನು ತಿರುಗಿಸುವುದು, ದೋಣಿ ಹಾಗಲ್ಲ. ಚುಕ್ಕಾಣಿ ಇರುವುದು ಹಿಂದೆ. ಅದನ್ನು ಓರೆಮಾಡಿದಾಗ ಹರಿದುಬರುವ ನೀರು ಅದಕ್ಕೆ ಬಡಿದು ದೋಣಿಯ ಬಾಲವನ್ನು ಒಂದು ಬದಿಗೆ ತಳ್ಳುವುದು. ಬಾಲವು ಎಡಕ್ಕೆ ಸರಿದುದರಿಂದ ಮೂಗು ಬಲಕ್ಕೆ ನೋಡುವುದು. ಆಮೇಲೆ ದೋಣಿ ಮೂಗು ನೋಡಿದ ಕಡೆಗೆ ಹೋಗುವುದು. ತಿರುಗುವ ಕೆಲಸವೆಲ್ಲ ಬಾಲದ್ದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಉಪಯೋಗ ಬರುವುದು. ಮೇಲೆ ತೇಲುವ ದೋಣಿಗೆ ಎಡಬಲ ಎಂಬ ಎರಡೇ ಚಿಂತೆ. ಮೇಲು ಕೆಳಗುಗಳ ಚಿಂತೆಯನ್ನು ನೀರೇ ವಹಿಸಿಕೊಂಡಿರುವುದು. ಒಂದು ಮೂಟೆ ಹೆಚ್ಚಾಗಿ ಹೇರಿದರೆ ದೋಣಿ ನಾಲ್ಕು ಬೆರಳು ಹೆಚ್ಚು ತಗ್ಗಿ ಅಲ್ಲಿಗೆ ನಿಲ್ಲುವುದು. ನೀರಿನೊಳಗೆ ಹೋದ ನೌಕೆಗೆ ಈ ಉಪಕಾರವಿಲ್ಲ.

ಇಂತಹ ನೌಕೆಗಳನ್ನು ಸರಕಾರಗಳು ಮಾತ್ರವೇ ಕಟ್ಟುವುವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಮೇಯ್ನ್ ಪ್ರಾಂತದ ಜಾರ್ಜ್ ಕಿಟ್ರೆಡ್ಜ್ ಎಂಬ ನಿವೃತ್ತ ನೌಕಾಧಿಕಾರಿ ಒಬ್ಬರು ಕುಳಿತುಕೊಳ್ಳುವ ಪುಟ್ಟ ಮುಳುಗುನೌಕೆಗಳನ್ನು ರೂಪಿಸಿ, ಅವುಗಳ ನಕ್ಷೆಗಳನ್ನು ಹವ್ಯಾಸಿಗಳಿಗೆ ಮಾರಿದರು. ಕೆ-250 ಎಂಬ ಹೆಸರಿನಲ್ಲಿರುವ ಅಂಕಿ ಅದು ಇಳಿಯಬಹುದಾದ ಅಡಿಗಳನ್ನು ಸೂಚಿಸುವುದು. ಕಾರ್ಲ್ ಸ್ಟ್ಯಾನ್ಲಿ ಎಂಬ ನ್ಯೂಜೆರ್ಸಿಯ ಹುಡುಗ ತನ್ನ 15ನೆಯ ವಯಸ್ಸಿನಲ್ಲಿ ನೌಕೆ ಕಟ್ಟಲಾರಂಭಿಸಿ, ಹಲವು ವರ್ಷ ದುಡಿದು ಮುಗಿಸಿ, ಕೊನೆಗೆ ಹೊಂಡುರಾಸಿನ ರೊಆಟಾನ್ ದ್ವೀಪದಲ್ಲಿ ಯಾತ್ರಿಕರನ್ನು ಆಳಕ್ಕೆ ಕರೆದೊಯ್ಯುವುದನ್ನೇ ವೃತ್ತಿಯಾಗಿಸಿಕೊಂಡನು. ಬೆಸುಗೆಯ ಯಂತ್ರ, ವಿದ್ಯುತ್ ಮೋಟಾರು, ಬ್ಯಾಟರಿ ಇವು ಪೇಟೆ ಪೇಟೆಯಲ್ಲಿಯೂ ಸಿಕ್ಕುವ ಈ ಕಾಲದಲ್ಲಿ ನಮ್ಮ ಮನೆಗಳ ತರುಣರಿಗೂ ಅಂತಹ ಆಸೆ ಹುಟ್ಟಿದರೆ ಆಶ್ಚರ್ಯವೇನು? 2023ನೆಯ ಜೂನ್ 18ರಂದು ಟೈಟನ್ ಎಂಬ ನೌಕೆ ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲು ಇಳಿಯುವಾಗ ಒಡೆದು ಐವರು ಮಡಿದ ಮೇಲೆ ಜನರ ಮಾತೆಲ್ಲ ಕವಚದ ಬಲದ ಮೇಲೆಯೇ ನಿಂತಿದೆ. ಅದು ಸಹಜ. ಆದರೆ ಮನೆಯಲ್ಲಿ ಕಟ್ಟಿದ, ಹೆಚ್ಚು ಆಳಕ್ಕೆ ಹೋಗದ ನೌಕೆಯ ಮಟ್ಟಿಗೆ ಕವಚದಷ್ಟೇ ದೊಡ್ಡದಾದ ಇನ್ನೊಂದು ಪ್ರಶ್ನೆಯಿದೆ: ಅದನ್ನು ಹತೋಟಿಯಲ್ಲಿ ಇಡುವುದು ಹೇಗೆ? ಹಳೆಯ ಮುಳುಗುನೌಕೆಗಳಲ್ಲಿ ಸತ್ತವರನೇಕರು ಕಬ್ಬಿಣ ಬಿರಿದುದರಿಂದ ಸಾಯಲಿಲ್ಲ. ಹತೋಟಿ ತಪ್ಪಿದುದರಿಂದ ಸತ್ತರು.

ಮೀನುಗಳನ್ನು ನೋಡಿದರೆ ಈ ಹತೋಟಿಗೆ ಎರಡು ದಾರಿಗಳಿರುವುದು ಕಾಣುವುದು. ಹೊಳೆಯ ಮೀನುಗಳಲ್ಲಿ ಬಹಳಕ್ಕೆ ಹೊಟ್ಟೆಯೊಳಗೆ ಒಂದು ಗಾಳಿಚೀಲವಿರುವುದು. ಅದರಿಂದ ಮೀನು ತನ್ನ ತೂಕವನ್ನು ನೀರಿನ ತೂಕಕ್ಕೆ ಸರಿದೂಗಿಸಿಕೊಂಡು ಸುಮ್ಮನೆ ನಿಲ್ಲಬಲ್ಲುದು. ಕಡಲಿನ ಶಾರ್ಕಿಗೆ ಗಾಳಿಚೀಲವಿಲ್ಲ. ಎಣ್ಣೆ ತುಂಬಿದ ದೊಡ್ಡ ಪಿತ್ತಕೋಶದಿಂದ ಅದಕ್ಕೆ ಸ್ವಲ್ಪ ಹಗುರ ದೊರೆಯುವುದಾದರೂ ಅದು ನೀರಿಗಿಂತ ಭಾರವೇ ಸರಿ. ಎದೆಯ ಇಕ್ಕೆಲಗಳ ಅಗಲವಾದ ರೆಕ್ಕೆಗಳನ್ನು ಚಾಚಿ ಮುಂದೆ ಮುಂದೆ ಹೋಗುತ್ತಿದ್ದರೆ ಮಾತ್ರ ಮೇಲೆ ಉಳಿಯುವುದು, ನಿಂತರೆ ಮುಳುಗುವುದು. ನಮ್ಮವರು ತೊರಕೆ ಎನ್ನುವ ಮೀನಂತೂ ಮೈಯೆಲ್ಲ ರೆಕ್ಕೆಯಾಗಿ ನೀರಿನಲ್ಲಿ ಹಾರುವುದು. ಪಿತ್ತಕೋಶ ಎಂದೆವು, ಅಡುಗೆಮನೆಯ ಮಾತಿನಲ್ಲಿ ಅದು ಈಲಿ, ಶಾರ್ಕೆಣ್ಣೆ ತೆಗೆಯುವುದು ಅದರಿಂದಲೇ. ಮುಳುಗುನೌಕೆಯನ್ನು ಕಟ್ಟುವವನು ಹೊಳೆಯ ಮೀನಿನ ಉಪಾಯವನ್ನೂ ಶಾರ್ಕಿನ ಉಪಾಯವನ್ನೂ ಕಲಿಯಬೇಕು, ಮತ್ತು ಯಾವುದು ಎಲ್ಲಿ ಸಲ್ಲುವುದೆಂಬುದನ್ನು ತಿಳಿದಿರಬೇಕು.

ಮೊದಲನೆಯದು ತೂಕದ ಉಪಾಯ. ನೌಕೆಯಲ್ಲಿ ನೀರು ತುಂಬಿಸುವ ತೊಟ್ಟಿಗಳಿರುವುವು. ನೀರನ್ನು ಬಿಟ್ಟುಕೊಂಡರೆ ಅದು ಭಾರವಾಗುವುದು, ಗಾಳಿಯಿಂದ ಹೊರನೂಕಿದರೆ ಹಗುರವಾಗುವುದು. ಮಟ್ಟುವಿನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ನಮ್ಮ ನೌಕೆಯ ಗಾತ್ರ 2 ಘನ ಮೀಟರ್ ಎಂದಿಟ್ಟುಕೊಳ್ಳಿ. ಸಿಹಿನೀರಿನಲ್ಲಿ ಪೂರ್ತಿ ಮುಳುಗಿದಾಗ ಅದು 2000 ಕಿಲೋಗ್ರಾಂ ನೀರನ್ನು ಪಕ್ಕಕ್ಕೆ ಸರಿಸುವುದು. ಕಡಲ ನೀರು ನೂರಕ್ಕೆ ಸುಮಾರು ಎರಡೂವರೆ ಪಾಲು ಹೆಚ್ಚು ಭಾರವಾದುದರಿಂದ ಅಲ್ಲಿ 2050 ಕಿಲೋಗ್ರಾಂ. ಎಂದರೆ ಮಳೆಗಾಲದ ಹೊಳೆಯಲ್ಲಿ ಸರಿದೂಗಿಸಿದ ನೌಕೆ ಕಡಲಿಗೆ ಬಂದೊಡನೆ ಒಂದು ಅಕ್ಕಿಮೂಟೆಯಷ್ಟು ಹಗುರವಾಗಿ, ಮುಳುಗಲೊಲ್ಲೆನೆಂದು ಹಟ ಹಿಡಿಯುವುದು. ಕಡಲಲ್ಲಿ ಸರಿದೂಗಿಸಿ ಹೊಳೆಗೆ ತಂದರೆ ಅಷ್ಟೇ ಭಾರವಾಗಿ ತಳಕ್ಕೆ ಹೋಗುವುದು. ಈ ಎರಡನೆಯದೇ ಅಪಾಯಕರವಾದುದು. ಅಳಿವೆಯ ಬಳಿ ಇನ್ನೂ ಒಂದು ತೊಡಕು: ಸಿಹಿನೀರು ಹಗುರವಾಗಿ ಮೇಲೆಯೂ ಉಪ್ಪುನೀರು ಕೆಳಗೂ ಪದರ ಪದರವಾಗಿ ಹರಿಯುವುದುಂಟು. ಮೇಲಿನ ಪದರದಲ್ಲಿ ಇಳಿಯುತ್ತಿದ್ದ ನೌಕೆ ಕೆಳಗಿನದನ್ನು ಮುಟ್ಟಿದಾಗ ಚಾಪೆಯ ಮೇಲೆ ಬಿದ್ದಂತೆ ತಡೆದು ನಿಂತುಬಿಡುವುದು.

ಒಂದೇ ಬಗೆಯ ನೀರಿನಲ್ಲಿಯಾದರೂ ಸರಿದೂಗಿಸಿದ ನೌಕೆ ಒಂದು ಆಳದಲ್ಲಿ ತಾನಾಗಿ ನಿಲ್ಲುವುದೇ ಎಂದರೆ ನಿಲ್ಲುವುದಿಲ್ಲ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದು. ತಳ ತೆರೆದಿರುವ ತೊಟ್ಟಿಯಲ್ಲಿ ಗಾಳಿಯೇನಾದರೂ ಉಳಿದಿದ್ದರೆ 10 ಮೀಟರ್ ಇಳಿಯುವಷ್ಟರಲ್ಲಿ ಅದರ ಗಾತ್ರ ಅರ್ಧಕ್ಕೆ ಇಳಿಯುವುದು. ಗಾಳಿ ಕುಗ್ಗಿದಷ್ಟೂ ನೌಕೆ ಭಾರ. ಭಾರವಾದಷ್ಟೂ ಇನ್ನೂ ಆಳ. ಮೇಲೇರುವಾಗ ಇದೇ ತಿರುಗುಮುರುಗು. ಚೆಂಡನ್ನು ಗುಡ್ಡದ ತುದಿಯಲ್ಲಿ ನಿಲ್ಲಿಸಿದಂತೆ ಇದು. ಆದುದರಿಂದ ತೂಕವನ್ನು ಎಷ್ಟು ಚೆನ್ನಾಗಿ ತೂಗಿಸಿದರೂ ಕ್ಷಣಕ್ಷಣವೂ ತಿದ್ದುವ ಒಂದು ಕೈ ಬೇಕಾಗುವುದು. ಆ ಕೈಯೇ ರೆಕ್ಕೆ.

ನೌಕೆಯ ಬದಿಗಳಲ್ಲಿ ಅಡ್ಡಲಾಗಿ ಚಾಚಿರುವ, ಮೇಲಕ್ಕೂ ಕೆಳಕ್ಕೂ ಓರೆಮಾಡಬಹುದಾದ ಹಲಗೆಗಳನ್ನು ನಾವು ಮುಳುಗುರೆಕ್ಕೆ ಎಂದು ಕರೆಯೋಣ. ಮಲಗಿಸಿದ ಚುಕ್ಕಾಣಿಯೆಂದರೂ ಸರಿಯೆ. ಇದರ ಬಲ ನೌಕೆಯ ವೇಗವನ್ನು ಅವಲಂಬಿಸಿರುವುದು, ಅದೂ ಸಾಮಾನ್ಯ ರೀತಿಯಲ್ಲಿ ಅಲ್ಲ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ವೇಗ ಅರ್ಧವಾದರೆ ಬಲ ಕಾಲುಪಾಲು. ಕಾಲು ಚದರ ಮೀಟರ್ ವಿಸ್ತಾರದ, ಮಿತವಾಗಿ ಓರೆಮಾಡಿದ ರೆಕ್ಕೆಯ ಲೆಕ್ಕವನ್ನು ಹಾಕಿ ನೋಡಿದರೆ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಅದು ಸುಮಾರು 26 ಕಿಲೋಗ್ರಾಂ ಭಾರವನ್ನು ಎತ್ತಬಲ್ಲುದು. 1 ಮೀಟರ್ ವೇಗದಲ್ಲಿ ಆರೂವರೆ. ಅರ್ಧ ಮೀಟರ್ ವೇಗದಲ್ಲಿ, ಎಂದರೆ ಸಂಜೆ ಗಾಳಿಸಂಚಾರಕ್ಕೆ ಹೋಗುವ ಮುದುಕರ ನಡಿಗೆಯ ವೇಗದಲ್ಲಿ, ಒಂದೂವರೆ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಮನೆಯಲ್ಲಿ ಕಟ್ಟಿದ ನೌಕೆಗಳ ನಡಿಗೆ ಬಹುಮಟ್ಟಿಗೆ ಈ ಕೊನೆಯ ಎರಡು ಲೆಕ್ಕಗಳ ನಡುವಿನದು. ಚಿತ್ರಪಟಗಳಲ್ಲಿ ದೊಡ್ಡ ನೌಕೆಗಳ ಚೆಲುವಾದ ರೆಕ್ಕೆಗಳನ್ನು ನೋಡಿ ಅದರಂತೆಯೇ ತಗಡು ಕತ್ತರಿಸಿ ಬೆಸೆದವನು, ಅಕ್ಕಿಮೂಟೆಯಷ್ಟು ತಪ್ಪಿದ ತೂಕವನ್ನು ರೆಕ್ಕೆ ತಿದ್ದೀತೆಂದು ನಂಬಿ ಇಳಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಹೆಚ್ಚು ಓರೆಮಾಡಿದರೆ ಹೆಚ್ಚು ಬಲ ಬಂದೀತೆಂಬುದೂ ಒಂದು ಎಲ್ಲೆಯವರೆಗೆ ಮಾತ್ರ ನಿಜ. ಸುಮಾರು 15ರಿಂದ 25 ಡಿಗ್ರಿ ದಾಟಿದ ಮೇಲೆ ನೀರು ರೆಕ್ಕೆಯ ಬೆನ್ನನ್ನು ಬಿಟ್ಟು ಸುಳಿಸುಳಿಯಾಗಿ ಒಡೆದು, ಎತ್ತುವ ಬಲ ಕುಸಿದು, ತಡೆಯುವ ಬಲ ಮಾತ್ರ ಬೆಳೆಯುವುದು. ಚುಕ್ಕಾಣಿಯನ್ನು ಮೋಟಾರಿನ ಪಂಖದ ಹಿಂದೆಯೇ ಇಡುವ ಪದ್ಧತಿ ಇದಕ್ಕಾಗಿಯೇ ಬಂದುದು: ನೌಕೆ ಮೆಲ್ಲಗೆ ಹೋಗುತ್ತಿದ್ದರೂ ಪಂಖ ಹಿಂದೂಡಿದ ನೀರು ರಭಸದಿಂದ ಬಡಿಯುವುದು. ಮಲ್ಪೆಯ ಯಂತ್ರದ ದೋಣಿಗಳಲ್ಲಿ ಯಾರೂ ಇದನ್ನು ನೋಡಬಹುದು.

ಇನ್ನು ಮುಳುಗುರೆಕ್ಕೆಯನ್ನು ನೌಕೆಯ ಯಾವ ಭಾಗದಲ್ಲಿ ಕಟ್ಟಬೇಕು? ಮುಂದೆಯೇ, ನಡುವೆಯೇ, ಹಿಂದೆಯೇ? ಇದಕ್ಕೆ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನನು 1870ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಕಡಲ ಕತೆಯಲ್ಲಿ ನಾಟಿಲಸ್ ಎಂಬ ಮುಳುಗುನೌಕೆಗೆ ಓರೆ ಹಲಗೆಗಳನ್ನು ನಟ್ಟನಡುವೆ ಇರಿಸಿದ್ದನು. ಆ ನೌಕೆಯ ಒಡೆಯನಾದ ನೆಮೊ ಬುಂದೇಲಖಂಡದ ಒಬ್ಬ ರಾಜಕುಮಾರನೆಂದು ವರ್ನನು ಅನಂತರದ ಇನ್ನೊಂದು ಕಾದಂಬರಿಯಲ್ಲಿ ತಿಳಿಸಿದುದರಿಂದ ನಮಗೆ ಆ ಹಲಗೆಗಳಲ್ಲಿ ಸ್ವಲ್ಪ ಅಭಿಮಾನವಿರುವುದು ಕ್ಷಮ್ಯ. ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಜಾನ್ ಹಾಲೆಂಡ್ ಎಂಬ ಶಾಲೆಯ ಉಪಾಧ್ಯಾಯನು 1878ರಲ್ಲಿ ನ್ಯೂಜೆರ್ಸಿಯ ಪಸೇಯಿಕ್ ನದಿಯಲ್ಲಿ 14 ಅಡಿಯ ತನ್ನ ಮೊದಲ ನೌಕೆಯನ್ನು ಪರೀಕ್ಷಿಸಿದಾಗ ಅದರ ರೆಕ್ಕೆಗಳೂ ನಡುವೆಯೇ ಇದ್ದುವು. ಅವು ಕೆಲಸಕ್ಕೆ ಬಾರದುವೆಂದು ಅವನು ಕಂಡುಕೊಂಡನು. 1881ರ ತನ್ನ ಮುಂದಿನ ದೊಡ್ಡ ನೌಕೆಯಲ್ಲಿ ಅವನು ರೆಕ್ಕೆಗಳನ್ನು ಬಾಲಕ್ಕೆ ಒಯ್ದನು. ದೋಣಿಯ ಚುಕ್ಕಾಣಿಯ ವಿಷಯದಲ್ಲಿ ಮೊದಲು ಹೇಳಿದ ಮಾತೇ ಇಲ್ಲಿಯೂ: ಬಾಲವನ್ನು ಕೆಳಕ್ಕೆ ಒತ್ತಿದರೆ ಮೂಗು ಮೇಲಕ್ಕೇಳುವುದು, ಮೂಗು ನೋಡಿದತ್ತ ನೌಕೆ ಏರುವುದು. ಹಂದಿಮೀನು ಮುಳುಗುವಂತೆ, ಮೈಯನ್ನೇ ಓರೆಮಾಡಿ ಈಜಿಕೊಂಡು ಇಳಿಯುವ ಈ ಕ್ರಮವೇ ಮುಂದೆ ಲೋಕಕ್ಕೆ ಮೇಲ್ಪಂಕ್ತಿಯಾಯಿತು. 1900ರಲ್ಲಿ ಅಮೆರಿಕದ ನೌಕಾಪಡೆ ಕೊಂಡುಕೊಂಡ ಮೊದಲ ಮುಳುಗುನೌಕೆ ಹಾಲೆಂಡನದು. ರೆಕ್ಕೆ ಹಿಂದಿರುವುದರಿಂದ ಇನ್ನೊಂದು ಲಾಭವೂ ಉಂಟು. ಬಾಣದ ಗರಿ ಹಿಂದಿದ್ದರೆ ಬಾಣ ನೆಟ್ಟಗೆ ಹೋಗುವುದು; ಮುಂದಿದ್ದರೆ ಪಲ್ಟಿಹೊಡೆಯುವುದು.

ಆದರೆ ಬಾಲದ ರೆಕ್ಕೆಗೆ ಒಂದು ಕೆಟ್ಟ ಚಾಳಿಯಿದೆ. ಮನೆಯಲ್ಲಿ ನೌಕೆ ಕಟ್ಟುವವರು ಮುಖ್ಯವಾಗಿ ತಿಳಿಯಬೇಕಾದುದು ಇದನ್ನೇ. ನೌಕೆಯ ಕೆಳಭಾಗದಲ್ಲಿ ಸೀಸದ ಭಾರವಿರುವುದರಿಂದ ಅದು ಯಾವಾಗಲೂ ಮಟ್ಟಸವಾಗಿರಲು ಬಯಸುವುದು. ವೇಗವಿದ್ದಾಗ ರೆಕ್ಕೆ ಈ ಬಯಕೆಯನ್ನು ಗೆದ್ದು ಮೂಗನ್ನು ಮೇಲೆತ್ತುವುದು. ವೇಗ ಬಹಳ ಕಡಿಮೆಯಾದಾಗ ಗೆಲ್ಲಲಾರದು. ಮೂಗು ಏಳುವುದಿಲ್ಲ, ಆದರೆ ಬಾಲವನ್ನು ಕೆಳಕ್ಕೆ ಒತ್ತುವ ಬಲ ಮಾತ್ರ ಉಳಿದಿರುವುದು. ಫಲವೇನು? ಏರೆಂದು ಅಪ್ಪಣೆಕೊಟ್ಟ ನೌಕೆ ಮಟ್ಟಸವಾಗಿಯೇ ಇಳಿಯುವುದು! ಗಾಬರಿಗೊಂಡ ಚಾಲಕ ರೆಕ್ಕೆಯನ್ನು ಇನ್ನಷ್ಟು ತಿರುಗಿಸುವನು. ನೌಕೆ ಇನ್ನಷ್ಟು ಇಳಿಯುವುದು. ಪ್ರತಿಯೊಂದು ಮುಳುಗುನೌಕೆಗೂ ಹೀಗೆ ಹಿಂದಣ ರೆಕ್ಕೆಯ ಅರ್ಥ ತಲೆಕೆಳಗಾಗುವ ಒಂದು ವೇಗವಿದೆ. ದೊಡ್ಡ ನೌಕೆಗಳು ಆ ವೇಗದಲ್ಲಿ ಅಪರೂಪವಾಗಿ ಸಂಚರಿಸುವುವು. ಪುಟ್ಟ ನೌಕೆಗಳ ಸಂಸಾರವೆಲ್ಲ ಅಲ್ಲಿಯೇ. ಮುಂಭಾಗದ ರೆಕ್ಕೆಗೆ ಈ ದೋಷವಿಲ್ಲ, ಅದು ಮೂಗನ್ನು ನೇರವಾಗಿ ಮೇಲೆತ್ತುವುದು. ಮೆಲ್ಲನೆ ಹೋಗುವಾಗ ಮುಂದಿನದು, ವೇಗದಲ್ಲಿ ಹಿಂದಿನದು ಎಂದು ಎರಡನ್ನೂ ಇಟ್ಟುಕೊಳ್ಳುವುದು ಇದಕ್ಕಾಗಿ. ಸ್ವೀಡನ್ ಮತ್ತು ಹಾಲೆಂಡ್ ದೇಶಗಳ ನೌಕೆಗಳಲ್ಲಿ ಬಾಲದ ನಾಲ್ಕು ರೆಕ್ಕೆಗಳನ್ನು ಗುಣಾಕಾರದ ಗುರುತಿನಂತೆ ಓರೆಯಾಗಿ ಜೋಡಿಸಿರುವುದುಂಟು. ತಳದಲ್ಲಿ ಕೂತಾಗ ಅವು ನೆಲಕ್ಕೆ ತಗಲುವುದಿಲ್ಲ, ನಿಜ. ಆದರೆ ಪ್ರತಿ ರೆಕ್ಕೆಯೂ ಎರಡು ಕೆಲಸ ಮಾಡಬೇಕಾದುದರಿಂದ ನಡುವೆ ಲೆಕ್ಕ ಹಾಕುವ ಯಂತ್ರ ಬೇಕಾಗುವುದು. ಹವ್ಯಾಸಿಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.

ಮಟ್ಟಸವಾಗಿರುವ ಬಯಕೆ ಎಂದೆವಷ್ಟೆ. ಅದು ಹುಟ್ಟುವುದು ಎರಡು ಕೇಂದ್ರಗಳಿಂದ. ನೌಕೆಯ ಭಾರವೆಲ್ಲ ಕೂಡಿದ ಬಿಂದು ಒಂದು, ನೀರು ಅದನ್ನು ಎತ್ತುವ ಬಿಂದು ಇನ್ನೊಂದು. ಭಾರದ ಬಿಂದು ಕೆಳಗಿದ್ದಷ್ಟೂ ನೌಕೆ ತೂಗುದೀಪದಂತೆ ಸ್ಥಿರ. ಇವೆರಡರ ಅಂತರ 10 ಸೆಂಟಿಮೀಟರ್ ಇರುವ 2000 ಕಿಲೋಗ್ರಾಂ ನೌಕೆಯಲ್ಲಿ 70 ಕಿಲೋಗ್ರಾಂ ತೂಕದ ಒಬ್ಬ ಮನುಷ್ಯ ಒಂದೇ ಮೀಟರ್ ಮುಂದಕ್ಕೆ ಸರಿದರೆ ನೌಕೆಯ ಮೂಗು ಸುಮಾರು 19 ಡಿಗ್ರಿ ಕೆಳಕ್ಕೆ ಬಾಗುವುದು. ಅಂತರವನ್ನು 20 ಸೆಂಟಿಮೀಟರ್ ಮಾಡಿದರೆ ಬಾಗು ಸುಮಾರು 10 ಡಿಗ್ರಿಗೆ ಇಳಿಯುವುದು. ಸೀಸದ ಗಟ್ಟಿಗಳನ್ನು ಇನ್ನೊಂದು ಗೇಣು ಕೆಳಗೆ ಕಟ್ಟುವುದರಲ್ಲಿ ಸೊಬಗೇನೂ ಇಲ್ಲ. ಆದರೂ ಹೊಳೆಯುವ ರೆಕ್ಕೆಗಿಂತ ಅದು ಹೆಚ್ಚು ಪ್ರಾಣವನ್ನು ಕಾಯುವುದು. ಜಾರ್ಜ್ ಗ್ಯಾರೆಟ್ ಎಂಬ ಇಂಗ್ಲಿಷ್ ಪಾದ್ರಿ 1879ರಲ್ಲಿ ಉಗಿಯ ಯಂತ್ರದ ಮುಳುಗುನೌಕೆಯೊಂದನ್ನು ಕಟ್ಟಿದನು. 1880ರ ಫೆಬ್ರುವರಿಯಲ್ಲಿ ಅದು ವೇಲ್ಸಿನ ಕರಾವಳಿಯ ಬಳಿ ಮುಳುಗಿಹೋಯಿತು. ಅನಂತರ ಅವನು ನಾರ್ಡನ್‌ಫೆಲ್ಟ್ ಎಂಬ ಸ್ವೀಡನ್ನಿನ ಶ್ರೀಮಂತನೊಡನೆ ಸೇರಿ ತುರ್ಕಿಯ ಸುಲ್ತಾನನಿಗಾಗಿ ನೌಕೆಗಳನ್ನು ನಿರ್ಮಿಸಿದನು. ಅವುಗಳ ಅಪಕೀರ್ತಿ ಇಂದಿಗೂ ಉಳಿದಿದೆ: ಒಳಗೆ ಒಬ್ಬ ಎರಡು ಹೆಜ್ಜೆ ಇಟ್ಟರೆ ಸಾಕು, ಒಂದು ತುದಿ ಏಳುವುದು, ಇನ್ನೊಂದು ಬೀಳುವುದು. ಕಾರಣಗಳಲ್ಲೊಂದು ನಮ್ಮ ಹೆಂಗಸರಿಗೆ ಚೆನ್ನಾಗಿ ತಿಳಿದಿರುವುದೇ. ತುಂಬಿದ ಕೊಡ ತುಳುಕುವುದಿಲ್ಲ. ಅರ್ಧ ತುಂಬಿದ ತೊಟ್ಟಿಯ ನೀರು ನೌಕೆ ಬಾಗಿದತ್ತಲೇ ಓಡಿ ಬಾಗನ್ನು ಹೆಚ್ಚಿಸುವುದು. ಆದುದರಿಂದ ಪುಟ್ಟ ನೌಕೆಯ ದೊಡ್ಡ ತೊಟ್ಟಿಗಳು ಒಂದೋ ಪೂರ್ಣ ತುಂಬಿರಬೇಕು, ಇಲ್ಲವೇ ಪೂರ್ಣ ಬರಿದಾಗಿರಬೇಕು. ತೂಕವನ್ನು ನವಿರಾಗಿ ತಿದ್ದಲು ಬೇರೆ ಒಂದು ಸಣ್ಣ ತೊಟ್ಟಿ ಸಾಕು.

ಅಮೆರಿಕದ ಅಂತರ್ಯುದ್ಧದಲ್ಲಿ ಕಟ್ಟಿದ ಹನ್ಲೀ ಎಂಬ ನೌಕೆಯ ಕತೆ ಇನ್ನೂ ದಾರುಣವಾದುದು. ಸುಮಾರು 40 ಅಡಿ ಉದ್ದ. ಒಳಗೆ ಏಳು ಮಂದಿ ಕೈಯಿಂದ ತಿರುಗಿಸುವ ಪಂಖ. ಎಂಟನೆಯವನ ಕೈಯಲ್ಲಿ ಚುಕ್ಕಾಣಿ ಮತ್ತು ಮುಂಭಾಗದ ಇಕ್ಕೆಲಗಳ ಮುಳುಗುರೆಕ್ಕೆ. ತುದಿಗಳಲ್ಲಿದ್ದ ನೀರಿನ ತೊಟ್ಟಿಗಳಿಗೆ ಮೇಲ್ಮುಚ್ಚಳವಿರಲಿಲ್ಲ. 1863ನೆಯ ಅಕ್ಟೋಬರ್ 15ರಂದು ಚಾರ್ಲ್‌ಸ್ಟನ್ ಬಂದರಿನಲ್ಲಿ ಅದು ಮುಳುಗಿದಾಗ ಮುಂದಿನ ತೊಟ್ಟಿಯ ನೀರುಬಾಯಿ ತೆರೆದೇ ಉಳಿಯಿತು. ಮೂಗು ಕೆಸರಿನಲ್ಲಿ ನಾಟಿ ನಿಂತಿತು. ಅದಕ್ಕೆ ಹಣವನ್ನೂ ಹೆಸರನ್ನೂ ಕೊಟ್ಟ ಹೊರೇಸ್ ಹನ್ಲೀ ಮತ್ತು ಏಳು ಮಂದಿ ಸಂಗಡಿಗರು ಒಳಗೆಯೇ ಮಡಿದರು. ಅದಕ್ಕೆ ಮೊದಲು ಐವರು ಸತ್ತಿದ್ದರು. 1864ನೆಯ ಫೆಬ್ರುವರಿ 17ರಂದು ಶತ್ರುಗಳ ಹಡಗೊಂದನ್ನು ಮುಳುಗಿಸಿದ ಮೇಲೆ ಇನ್ನೂ ಎಂಟು ಮಂದಿ ಹಿಂತಿರುಗಲಿಲ್ಲ. ಒಂದೇ ನೌಕೆ 21 ಜನರಿಗೆ ಸಮಾಧಿಯಾಯಿತು.

ಹಾಗಾದರೆ ಮೆಲ್ಲಗೆ ಹೋಗುವ ನೌಕೆಗೆ ಗತಿಯೇನು? ಇದಕ್ಕೆ ಉತ್ತರವನ್ನು 1776ರಷ್ಟು ಹಿಂದೆಯೇ ಡೇವಿಡ್ ಬುಶ್ನೆಲ್ ಎಂಬವನು ಸೂಚಿಸಿದ್ದನು. ಮರದಿಂದ ಮಾಡಿದ, ಒಬ್ಬನೇ ಕೂರುವ, ಆಮೆಯೆಂದು ಹೆಸರಾದ ಅವನ ನೌಕೆಗೆ ಮುಳುಗುರೆಕ್ಕೆಯೇ ಇರಲಿಲ್ಲ. ಮುಂದೆ ಹೋಗಲು ಒಂದು ತಿರುಪು, ಮೇಲೆ ಕೆಳಗೆ ಹೋಗಲು ಇನ್ನೊಂದು ತಿರುಪು, ಎರಡನ್ನೂ ಕೈಯಿಂದಲೇ ತಿರುಗಿಸಬೇಕಾಗಿತ್ತು. ಎಜ್ರಾ ಲೀ ಎಂಬ ಸೈನಿಕ ಅದನ್ನು ನ್ಯೂಯಾರ್ಕ್ ಬಂದರಿನಲ್ಲಿ ಇಂಗ್ಲಿಷರ ಹಡಗಿನ ಅಡಿಗೆ ಒಯ್ದನಾದರೂ ಉಬ್ಬರವಿಳಿತದ ಸೆಳೆತಕ್ಕೆ ಅವನ ತೋಳಬಲ ಸಾಲಲಿಲ್ಲ. ಸೆಳೆತಕ್ಕಿಂತ ನಿಧಾನವಾದ ನೌಕೆಗೆ ಯಾವ ಚುಕ್ಕಾಣಿಯೂ ದಾರಿ ತೋರಲಾರದೆಂಬುದನ್ನು ಅಳಿವೆಯ ಬಳಿ ಬದುಕುವವರಿಗೆ ಬೇರೆ ಹೇಳಬೇಕೆ? ಸೈಮನ್ ಲೇಕ್ ಎಂಬ ಇನ್ನೊಬ್ಬ ಅಮೆರಿಕನ್ ತರುಣ 1894ರಲ್ಲಿ ದೇವದಾರು ಹಲಗೆಗಳ 14 ಅಡಿಯ ನೌಕೆಯನ್ನು ಕಟ್ಟಿ, ಅದಕ್ಕೆ ಗಾಡಿಯಂತೆ ಚಕ್ರಗಳನ್ನೇ ಜೋಡಿಸಿ ತಳದ ಮೇಲೆ ಉರುಳಿಸಿದನು. ನಗು ಬರುವ ಉಪಾಯ. ಆದರೆ ಯಾರೂ ಸಾಯಲಿಲ್ಲ. ಇಂದಿನ ಪುಟ್ಟ ನೌಕೆಗಳವರು ಬುಶ್ನೆಲ್ಲನ ದಾರಿಯನ್ನೇ ಹಿಡಿದು, ಎರಡು ಬದಿಗಳಲ್ಲಿ ಬೇಕಾದತ್ತ ತಿರುಗಿಸಬಹುದಾದ ಸಣ್ಣ ವಿದ್ಯುತ್ ಮೋಟಾರುಗಳನ್ನು ಇಡುವರು. ಒಂದನ್ನು ಮುಂದಕ್ಕೂ ಒಂದನ್ನು ಹಿಂದಕ್ಕೂ ಓಡಿಸಿದರೆ ನೌಕೆ ನಿಂತಲ್ಲಿಯೇ ಬುಗುರಿಯಂತೆ ತಿರುಗುವುದು. ಎರಡನ್ನೂ ಮೇಲ್ಮುಖ ಮಾಡಿದರೆ ನೆಟ್ಟಗೆ ಏರುವುದು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸಲೆಂದು ರೂಪಿಸಿದ ಮತ್ಸ್ಯ-6000 ಕೂಡ ತೂಕದ ಬಲದಿಂದ ಇಳಿದು, ಇಂತಹ ಮೋಟಾರುಗಳಿಂದ ಅತ್ತಿತ್ತ ಸರಿಯುವ ಜಾತಿಯದು.

ರೆಕ್ಕೆಯನ್ನೇ ನಂಬಿದವರು ಇಲ್ಲವೆಂದಲ್ಲ. ಮೊದಲು ಹೇಳಿದ ಸ್ಟ್ಯಾನ್ಲಿಯ ನೌಕೆಗೆ ನೂಕುವ ಯಂತ್ರವಿಲ್ಲದೆ ಅಗಲವಾದ ರೆಕ್ಕೆಗಳಿದ್ದುವು. ಭಾರವಾಗಿಸಿದರೆ ಗರುಡನಂತೆ ಜಾರುತ್ತ ಮುಂದಕ್ಕೂ ಕೆಳಕ್ಕೂ, ಹಗುರಾಗಿಸಿದರೆ ಜಾರುತ್ತ ಮುಂದಕ್ಕೂ ಮೇಲಕ್ಕೂ ಅದು ಸಾಗುತ್ತಿದ್ದಿತು. ಗ್ರಹಾಂ ಹಾಕ್ಸ್ ಎಂಬ ಎಂಜಿನಿಯರನು ಕಟ್ಟಿದ ಡೀಪ್ ಫ್ಲೈಟ್ ನೌಕೆಗಳಲ್ಲಿ ಇನ್ನೂ ಮೆಚ್ಚತಕ್ಕ ಯುಕ್ತಿಯಿದೆ. ಅವು ಯಾವಾಗಲೂ ನೀರಿಗಿಂತ ಹಗುರ. ವಿಮಾನದ ರೆಕ್ಕೆ ಮೇಲೆತ್ತಿದರೆ ಇವುಗಳ ರೆಕ್ಕೆ ಕೆಳಕ್ಕೆ ಒತ್ತುವುದು. ಮೋಟಾರು ಕೆಟ್ಟು ವೇಗ ನಿಂತರೆ ರೆಕ್ಕೆಯ ಬಲ ಹೋಗಿ ನೌಕೆ ತಾನಾಗಿ ಮೇಲೆ ಬರುವುದು. ಕೆಟ್ಟಾಗ ಯಾವ ಕಡೆಗೆ ಹೋಗಬೇಕೆಂಬುದನ್ನು ಕಟ್ಟುವ ದಿನವೇ ನಿಶ್ಚಯಿಸಿದ ಇಂತಹ ನೌಕೆಗೆ ಮಗನನ್ನು ಕಳುಹಿಸಲು ತಾಯಿಯೊಬ್ಬಳು ಪ್ರಾಯಶಃ ಒಪ್ಪಿಯಾಳು.

ರೆಕ್ಕೆಗಳಿಂದ ಇನ್ನೊಂದು ಭಯವಿದೆ, ಅದು ನಮ್ಮ ಕರಾವಳಿಗೆ ವಿಶೇಷವಾಗಿ ಸಲ್ಲುವುದು. ಮೈಯಿಂದ ಹೊರಚಾಚಿದುದೆಲ್ಲ ಬಲೆಗೆ ಕೊಂಡಿಯೇ. 2005ರ ಆಗಸ್ಟಿನಲ್ಲಿ ರಷ್ಯದ ಎ.ಎಸ್.-28 ಎಂಬ ಪುಟ್ಟ ನೌಕೆ ಕಾಮ್‌ಚಟ್ಕದ ಬಳಿ ಬಲೆ ಮತ್ತು ಹುರಿಗಳಲ್ಲಿ ಸಿಕ್ಕಿಕೊಂಡಿತು. ಮುಳುಗಿದವರನ್ನು ಕಾಪಾಡಲೆಂದೇ ನಿರ್ಮಿಸಿದ ನೌಕೆ ಅದು! ಇಂಗ್ಲೆಂಡಿನಿಂದ ವಿಮಾನದಲ್ಲಿ ತಂದ ಒಂದು ದೂರಚಾಲಿತ ಯಂತ್ರ ಹುರಿಗಳನ್ನು ಕತ್ತರಿಸಿದ ಮೇಲೆ ಮೂರು ದಿನಗಳ ಅನಂತರ ಏಳು ಮಂದಿಯೂ ಬದುಕಿ ಬಂದರು. 1973ರ ಜೂನ್ ತಿಂಗಳಲ್ಲಿ ಫ್ಲಾರಿಡಾದ ಬಳಿ ಜಾನ್ಸನ್ ಸೀ ಲಿಂಕ್ ಎಂಬ ನೌಕೆ ಮುಳುಗಿಸಿದ್ದ ಹಳೆಯ ಹಡಗೊಂದರ ಅವಶೇಷಗಳಿಗೆ ತೊಡರಿಕೊಂಡಾಗ ಇಬ್ಬರಿಗೆ ಆ ಭಾಗ್ಯವಿರಲಿಲ್ಲ. ಮಲ್ಪೆಯಿಂದ ಕಾಪುವರೆಗಿನ ಕಡಲಿನಲ್ಲಿ ಬಲೆ ಬೀಳದ ಜಾಗ ಕಡಿಮೆ. ಅಲ್ಲಿ ಇಳಿಯುವ ನೌಕೆಯ ರೆಕ್ಕೆಗಳಿಗೆ ಮುಂದಿನಿಂದ ಓರೆಯಾಗಿ ಬರುವ ಕಾಪುಕಂಬಿಗಳು ಬೇಕು, ಪಂಖದ ಸುತ್ತ ಬಳೆ ಬೇಕು, ಸಿಕ್ಕಿಕೊಂಡ ಭಾಗವನ್ನು ಒಳಗಿನಿಂದಲೇ ಕಳಚಿಬಿಡುವ ಏರ್ಪಾಡು ಬೇಕು. ಮೇಲಾಗಿ, ಹೇಳದೆ ಕೇಳದೆ ಕಡಲಿನಿಂದ ತಲೆಯೆತ್ತುವ ಯಾವ ವಸ್ತುವನ್ನೂ ಕರಾವಳಿ ಕಾವಲಿನ ಪೊಲೀಸರು ಹಾರಹಾಕಿ ಸ್ವಾಗತಿಸುವರೆಂದು ನಿರೀಕ್ಷಿಸಲಾಗದು. ಅನುಮತಿಯ ಕಾಗದ ಮೊದಲು, ಸೀಸ ಆಮೇಲೆ.

ಆಸೆ ತಡೆಯಲಾರದ ತರುಣರಿಗೆ ನಮ್ಮ ಸಲಹೆಯೆಂದರೆ ಶೀಸೆಯಿಂದ ಆರಂಭಿಸುವುದು. ಒಂದು ಲೀಟರಿನ ಪ್ಲಾಸ್ಟಿಕ್ ಶೀಸೆಯನ್ನು ತೆಗೆದುಕೊಂಡು, ಹೊಟ್ಟೆಯ ಕೆಳಗೆ ಉದ್ದಕ್ಕೂ ಸಣ್ಣ ಸೀಸದ ಗುಂಡುಗಳನ್ನೋ ಕಬ್ಬಿಣದ ತಿರುಪುಗಳನ್ನೋ ಕಟ್ಟಿ, ಅದು ನೀರಿನಲ್ಲಿ ಮಟ್ಟಸವಾಗಿ ಬೆನ್ನು ಮಾತ್ರ ಕಾಣುವಂತೆ ತೇಲುವಷ್ಟು ತೂಗಿಸಬೇಕು. ತೆಳು ತಗಡಿನ ಎರಡು ಜೊತೆ ರೆಕ್ಕೆಗಳನ್ನು ಕತ್ತರಿಸಿಕೊಳ್ಳಬೇಕು. ಮೂಗಿಗೆ ದಾರ ಕಟ್ಟಿ ತಿಳಿಯಾದ ತೊಟ್ಟಿಯಲ್ಲಿ ಎಳೆಯುತ್ತ, ರೆಕ್ಕೆಯನ್ನು ಒಮ್ಮೆ ನಡುವೆ, ಒಮ್ಮೆ ಬಾಲದಲ್ಲಿ, ಒಮ್ಮೆ ಮುಂದೆ ಇಟ್ಟು ನೋಡಬೇಕು. ಮೊದಲು ಬೇಗನೆ, ಅನಂತರ ಮೆಲ್ಲಮೆಲ್ಲನೆ. ಹಾಲೆಂಡನು ಕಂಡುಕೊಂಡುದನ್ನು ಒಂದು ಭಾನುವಾರದಲ್ಲಿ ಹುಡುಗರು ಕಣ್ಣಾರೆ ಕಾಣುವರು. ಶೀಸೆಯೊಳಗೆ ಅರ್ಧ ನೀರು ತುಂಬಿ ಎಳೆದರೆ ನಾರ್ಡನ್‌ಫೆಲ್ಟನ ಪಾಡೂ ಕಾಣುವುದು. ಇದನ್ನು ಅಂಗಳದ ತೊಟ್ಟಿಯಲ್ಲಿ ಹಿರಿಯರ ಎದುರಿನಲ್ಲಿ ಮಾಡಬೇಕೇ ಹೊರತು ಬಾವಿಕಟ್ಟೆಯ ಮೇಲೆ ನಿಂತು ಮಾಡಕೂಡದು. ಇದಾದ ಮೇಲೆ ರೇಡಿಯೋದಿಂದ ನಡೆಸುವ ಮಾದರಿ ನೌಕೆಗೆ ಕೈಹಾಕಬಹುದು. ಹಳೆಯ ಬಗೆಯ ಉದ್ದ ಅಲೆಗಳ ರೇಡಿಯೋ ಸಿಹಿನೀರಿನೊಳಗೆ ಕೆಲವು ಮೀಟರ್ ಆಳದವರೆಗೆ ಕೇಳಿಸುವುದು. ಈಗಿನ ಆಟಿಕೆಗಳಲ್ಲಿರುವ ಗಿಡ್ಡ ಅಲೆಗಳು ನೀರು ಮುಟ್ಟಿದೊಡನೆ ಅಡಗುವುವು. ಉಪ್ಪುನೀರಿನಲ್ಲಿಯಂತೂ ಎರಡೂ ಕೆಲಸಕ್ಕೆ ಬಾರವು. ಆದುದರಿಂದ ಅಂತಹ ಮಾದರಿಗೆ ಕೆರೆಯೇ ಯೋಗ್ಯ, ಕಡಲಲ್ಲ. ದಾರದಿಂದ ಎಳೆಯುವ ಶೀಸೆಗೆ ಮಾತ್ರ ಈ ನಿರ್ಬಂಧವಿಲ್ಲ. ಅದನ್ನು ಮಟ್ಟುವಿಗೆ ಒಯ್ದು ಮಳೆಗಾಲ ಕಳೆದ ಒಂದು ಶಾಂತ ದಿನ, ಇಳಿತದ ಹೊತ್ತಿನಲ್ಲಿ ಹೊಳೆಯ ಸಿಹಿನೀರಿಗೆ ತೂಗಿಸಿ, ಮರಳ ಪಟ್ಟಿಯನ್ನು ದಾಟಿ, ದಡದ ನೀರಿನಲ್ಲಿ ಮತ್ತೆ ತೇಲಿಬಿಡುವವರು ಜೇಬಿನಲ್ಲಿ ಇನ್ನೂ 25 ಗ್ರಾಂ ಸೀಸವನ್ನು ಇಟ್ಟುಕೊಂಡು ಹೋಗಬೇಕು.